ಎಡಗೈ ಉಂಗುರದ ಬೆರಳು

ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಟೀ ಇಲ್ಲ. ಹೊಸದಾಗಿ ವರ್ಗವಾಗಿ ಬಂದವರು ಮೊದಲ ವಾರ ಇದನ್ನು ನಂಬುವುದಿಲ್ಲ. ಮೂರು ಗಂಟೆಗೆ ಬಾಗಿಲ ಕಡೆ ನೋಡುತ್ತಾರೆ, ಮೂರೂಕಾಲಿಗೆ ಗಡಿಯಾರ ನೋಡುತ್ತಾರೆ, ಮೂರೂವರೆಗೆ ನನ್ನ ಮುಖ ನೋಡುತ್ತಾರೆ. ಆಗ ನಾನೇ ಹೇಳಿಬಿಡುತ್ತೇನೆ: ಟೀ ನಿಲ್ಲಿಸಿದವಳು ನಾನು, ಬೈಯುವುದಿದ್ದರೆ ನನ್ನನ್ನೇ ಬೈಯಿರಿ.

ಗಾವಡಗೆರೆ ಹೋಬಳಿಯ ಒಂದು ಸರ್ಕಾರಿ ಪ್ರೌಢಶಾಲೆ ಇದು. ನಾನು ಗಣಿತ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗಿಯೊಬ್ಬಳಿದ್ದಳು. ಶಾಲೆಯ ಬೋರ್‌ವೆಲ್ ಕೆಟ್ಟಾಗ ಎರಡು ತಿಂಗಳು ದಿನಾ ಬೆಳಿಗ್ಗೆ ತನ್ನ ಮನೆಯ ಕೊಳಾಯಿಯಿಂದ ಅಡುಗೆಮನೆಗೆ ನೀರು ಹೊತ್ತವಳು. ಪರೀಕ್ಷೆ ಪಾಸಾದ ಮೇಲೆ ಅವಳು ಕಾಲೇಜು ಸೇರಲಿಲ್ಲ. ಆಗಸ್ಟಿನಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದೆ, ರಸ್ತೆ ಪಕ್ಕದ, ಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಹೆಂಗಸರ ಸಾಲಿನಲ್ಲಿ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಆ ದಿನ ಸ್ಟಾಫ್ ರೂಮಿಗೆ ಬಂದಾಗ ಮೇಜಿನ ಮೇಲೆ ಹೋಟೆಲಿನ ಫ್ಲಾಸ್ಕು ಇತ್ತು. ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ನಾವು ಒಂಬತ್ತು ಜನ ಮೂರು ಗಂಟೆಗೆ ಕುಡಿಯುವ ಈ ಟೀಯನ್ನು ಬಿಟ್ಟರೆ ವರ್ಷಕ್ಕೆ ಒಂದು ಮಗು ಪಿಯುಸಿ ಸೇರುತ್ತದೆ, ಬಿಡುತ್ತೀರೋ ಇಲ್ಲವೋ ಹೇಳಿ ಎಂದೆ. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಹೂಂ ಎಂದರು. ಬಿಸಿಯೂಟ ಮಾಡುವ ಅಕ್ಕ ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ತಾನೂ ಆ ಫ್ಲಾಸ್ಕಿನ ಟೀ ಕುಡಿಯುವವಳೇ ಆದ್ದರಿಂದ ತನ್ನದನ್ನೂ ಸೇರಿಸಿಕೊಳ್ಳಬೇಕು ಎಂದಳು. ಅವಳ ಗೌರವಧನ ಎಷ್ಟೆಂದು ಗೊತ್ತಿದ್ದ ಹೆಡ್‌ಮಾಸ್ಟರು ಬೇಡವೆಂದರು. ಅವಳು ಕೇಳಲಿಲ್ಲ.

ಹೀಗೆ ಶುರುವಾದದ್ದು ನಮ್ಮ ಸ್ಕಾಲರ್‌ಶಿಪ್. ಅದಕ್ಕೆ ಯಾರ ಸ್ಮಾರಕದ ಹೆಸರೂ ಇಲ್ಲ, ಮಕ್ಕಳು ಅದನ್ನು ಟೀ ಸ್ಕಾಲರ್‌ಶಿಪ್ ಎನ್ನುತ್ತಾರೆ. ಫೆಬ್ರವರಿಯಲ್ಲಿ, ಪರೀಕ್ಷೆಗೂ ಮೊದಲೇ ನಾವು ಒಂದು ಹೆಸರು ಆರಿಸುತ್ತೇವೆ, ಬೀಳ್ಕೊಡುಗೆ ದಿನ ಹೇಳುತ್ತೇವೆ. ನಿಯಮ ಮೂರೇ. ಅಂಕ ನೋಡಬಾರದು. ಊರಿಗಾಗಿ ಏನಾದರೂ ಕೆಲಸವನ್ನು ಕೂಲಿ ತೆಗೆದುಕೊಳ್ಳದೆ ಮಾಡಿರಬೇಕು. ಮೂರನೆಯದು, ಶಾಲೆಗೆ ನೂರಕ್ಕೆ ತೊಂಬತ್ತರಷ್ಟು ಹಾಜರಿ ಇರಬೇಕು.

ಆ ಮೂರನೆಯದು ನನ್ನದು. ಬೇರೆಯವರು ಬೇಡವೆಂದರೂ ಹಟ ಮಾಡಿ ಸೇರಿಸಿದೆ. ನಾನು ಕೆ.ಆರ್. ನಗರದ ಕಡೆಯವಳು, ಮಿರ್ಲೆಯ ಹತ್ತಿರ ಗದ್ದೆ ಇರುವ ಮನೆಯಲ್ಲಿ ಬೆಳೆದವಳು. ಹುಣಸೂರು ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳು ನನಗೆ ಗೊತ್ತಾದದ್ದು ಕೆಲಸಕ್ಕೆ ಬಂದ ಮೇಲೆ. ಸೊಪ್ಪು ಮುರಿಯುವ ಕಾಲ ಬಂತೆಂದರೆ ನನ್ನ ತರಗತಿ ಅರ್ಧ ಖಾಲಿ. ಪ್ರಮೇಯ ಶುರು ಮಾಡುವಾಗ ಇದ್ದ ಮಕ್ಕಳು ಅದು ಮುಗಿಯುವಾಗ ಇರುತ್ತಿರಲಿಲ್ಲ. ಆ ಸಿಟ್ಟನ್ನೆಲ್ಲ ಒಂದು ಸಾಲಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ.

ಈಗ ಹೇಳಬೇಕಾದ ಹುಡುಗಿ ಮೊನ್ನೆ ಮೊನ್ನೆ ನಮ್ಮಲ್ಲಿ ಹತ್ತನೇ ತರಗತಿಯಲ್ಲಿದ್ದವಳು. ಶಾಲೆಯಿಂದ ಎರಡು ಮೈಲಿ ದೂರದ ಹಳ್ಳಿ. ಅಪ್ಪ ಅಮ್ಮ ಬೇರೆಯವರ ಹೊಲದಲ್ಲಿ, ಬೇರೆಯವರ ಬ್ಯಾರನ್ನಿನಲ್ಲಿ ದುಡಿಯುವವರು, ಮನೆಯಲ್ಲಿ ಅಜ್ಜಿ. ಅವಳು ಸೊಪ್ಪಿನ ಕಾಲದಲ್ಲಷ್ಟೇ ಅಲ್ಲ, ವರ್ಷವಿಡೀ ಪ್ರತಿ ತಿಂಗಳೂ ಮೂರು ದಿನ ಬರುತ್ತಿರಲಿಲ್ಲ. ಸತತವಾಗಿ ಮೂರು ದಿನ. ಮೊದಲು ಹೆಣ್ಣುಮಕ್ಕಳ ತೊಂದರೆ ಇರಬಹುದೆಂದು ಸುಮ್ಮನಿದ್ದೆ. ಒಮ್ಮೆ ಪಕ್ಕಕ್ಕೆ ಕರೆದು ಕೇಳಿದರೆ ಅದಲ್ಲ ಮಿಸ್ ಎಂದು ನಾಚಿಕೊಂಡಳು. ಮತ್ತೇನು ಎಂದರೆ ನೆಲ ನೋಡಿದಳು. ನಾನು ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಗೈರು ಬರೆಯುತ್ತ ಹೋದೆ.

ಬರೆದು ಸುಮ್ಮನಾಗಲೂ ಇಲ್ಲ. ನಾಲ್ಕನೇ ದಿನ ಅವಳು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೆ ನಾನು ಚಾಕ್‌ಪೀಸ್ ಕೆಳಗಿಟ್ಟು, ಕೈ ಮುಗಿದು, ಬನ್ನಿ ನೆಂಟ್ರೇ, ಕುಂತ್ಕೊಳಿ ಎನ್ನುತ್ತಿದ್ದೆ. ತರಗತಿ ಗೊಳ್ಳೆಂದು ನಗುತ್ತಿತ್ತು. ಅವಳು ಕೊನೆಯ ಬೆಂಚಿಗೆ ಹೋಗಿ ಕೂರುತ್ತಿದ್ದಳು. ತಿಂಗಳಿಗೊಮ್ಮೆ ತಪ್ಪದೆ ನಡೆದ ನಾಟಕ ಇದು. ನನಗೆ ಅದು ತಮಾಷೆಯಾಗಿತ್ತು, ಅದನ್ನು ಮುಚ್ಚಿಡದೆ ಬರೆಯುತ್ತೇನೆ.

ಇನ್ನೊಂದನ್ನೂ ಬರೆಯಬೇಕು. ಅಕ್ಟೋಬರಿನಲ್ಲೋ ಏನೋ ನೋಟ್‌ಬುಕ್ ತಿದ್ದುವಾಗ ಅವಳ ಗಣಿತದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಒಂದು ಉದ್ದದ ಪಟ್ಟಿ ಸಿಕ್ಕಿತು. ಬೇವಿನಮರದ ಅಜ್ಜಿ, ಎಡ ಉಂಗುರ, ಹತ್ತು ಗಂಟೆ ಮೇಲೆ. ಕೆರೆಕೋಡಿ ದೊಡ್ಡವ್ವ, ಬಲ ನಡುಬೆರಳು, ಎಣ್ಣೆ ಬೇಡ. ಮೂಲೆಮನೆ ತಾತ, ಕಿರುಬೆರಳು, ಮೂರು ಸಲ. ಹೀಗೆ ಎರಡು ಪುಟ. ನಮ್ಮೂರ ಕಡೆ ಕೈ ನೋಡಿ ಶಾಸ್ತ್ರ ಹೇಳುವವರು ಬರುತ್ತಿದ್ದರು. ಇವಳೂ ಮುದುಕ ಮುದುಕಿಯರ ಕೈ ನೋಡಿ ಭವಿಷ್ಯ ಹೇಳುವ ಆಟಕ್ಕೆ ಇಳಿದಿದ್ದಾಳೆ, ತಿಂಗಳಿಗೆ ಮೂರು ದಿನ ಅದೇ ಕಸುಬು ಎಂದುಕೊಂಡೆ. ಎರಡೂ ಪುಟಕ್ಕೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು, ಗಣಿತದ ಪುಸ್ತಕದಲ್ಲಿ ಶಾಸ್ತ್ರ ಬೇಡ ಎಂದು ಕೆಳಗೆ ಬರೆದೆ. ಅಕ್ಷರ ದುಂಡಗೆ ಬಂದಿತ್ತು.

ನಿಜ ಗೊತ್ತಾದದ್ದು ಜನವರಿಯಲ್ಲಿ. ನಮ್ಮನ್ನು ಮನೆ ಮನೆ ಸಮೀಕ್ಷೆಗೆ ಹಾಕಿದ್ದರು. ಮೇಷ್ಟ್ರುಗಳನ್ನು ಪಾಠ ಬಿಟ್ಟು ಬೇರೆ ಎಲ್ಲದಕ್ಕೂ ಕಳಿಸುತ್ತಾರೆ ಎಂದು ಗೊಣಗುತ್ತ ಅವಳ ಹಳ್ಳಿಗೆ ಹೋದೆ. ಬೀದಿಯ ಒಂದು ಕಡೆಯಿಂದ ಬಾಗಿಲು ತಟ್ಟಿದರೆ ಎಲ್ಲ ಬೀಗ. ಎಮ್ಮೆಗೆ ನೀರು ಕುಡಿಸುತ್ತಿದ್ದ ಒಬ್ಬ ಗಂಡಸು, ಇವತ್ತು ರೇಷನ್ನು ಮೇಡಂ, ಎಲ್ಲಾ ಸೊಸೈಟಿ ತಾವ ಅವ್ರೆ ಎಂದ.

ಸೊಸೈಟಿ ಎಂದರೆ ಹಳೆಯ ಹೆಂಚಿನ ಕಟ್ಟಡ, ಮುಂದೆ ಜಗಲಿ. ಜನ ಸಾಲಾಗಿ ಚೀಲ ಇಟ್ಟು ತಾವು ನೆರಳಲ್ಲಿ ಕೂತಿದ್ದರು. ಜಗಲಿಯ ಬಿಸಿಲು ಬೀಳುವ ತುದಿಯಲ್ಲಿ ನನ್ನ ಹುಡುಗಿ. ಮುಂದೆ ಬಿಸಿನೀರಿನ ಬೋಗುಣಿ, ಒಂದು ಮುಷ್ಟಿ ಹುಣಸೆಹಣ್ಣು, ಬೂದಿ, ಒಂದು ಹಳೇ ಪಂಚೆಯ ತುಂಡು. ಅವಳ ತೊಡೆಯ ಮೇಲೆ ಒಬ್ಬ ಅಜ್ಜಿಯ ಕೈ ಇತ್ತು. ಅವಳು ಅಜ್ಜಿಯ ಬೆರಳನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ತೊಳೆದು, ಒರೆಸಿ, ಬಿಸಿಲಿಗೆ ಹಿಡಿದು ನೋಡಿ, ಮತ್ತೆ ಉಜ್ಜುತ್ತಿದ್ದಳು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಅಲ್ಲಿ ಒಂದೇ ಸಮನೆ ಮಾತಾಡುತ್ತಿದ್ದಳು. ಇನ್ನೊಸಿ ಸೈರಿಸ್ಕೊ ಅಜ್ಜಿ, ಆಯ್ತು, ಈಗ ಹೋಗು, ಒತ್ಬೇಡ, ಸುಮ್ನೆ ಮಡಗು ಎನ್ನುತ್ತಿದ್ದಳು.

ಹೊಗೆಸೊಪ್ಪಿನ ಹಸಿರೆಲೆಯನ್ನು ಮುಟ್ಟಿದವರಿಗೆ ಗೊತ್ತು, ಅದರ ಅಂಟು ಕೈಗೆ ಹತ್ತಿ ಕಪ್ಪಾಗಿ ಗಟ್ಟಿಯಾಗುತ್ತದೆ. ಸೋಪಿಗೆ ಹೋಗುವುದಿಲ್ಲ. ಜುಲೈನಿಂದ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಆಮೇಲೆ ಚಳಿಗಾಲವೆಲ್ಲ ಬೇಯಿಸಿದ ಸೊಪ್ಪನ್ನು ವಿಂಗಡಿಸುತ್ತ ಕೂತವರ ಬೆರಳ ತುದಿಯಲ್ಲಿ ಗೆರೆಗಳೇ ಸವೆದಿರುತ್ತವೆ, ಉಳಿದ ಗೆರೆಯನ್ನು ಅಂಟು ಮುಚ್ಚಿರುತ್ತದೆ. ರೇಷನ್ ಅಂಗಡಿಯ ಮೆಷಿನ್ನಿಗೆ ಗೆರೆ ಬೇಕು. ಬೆರಳು ಹಿಡಿಯಲಿಲ್ಲ ಎಂದರೆ ಅಕ್ಕಿ ಇಲ್ಲ, ನಾಳೆ ಬನ್ನಿ. ನಾಳೆ ಬಂದರೆ ನಾಳೆಯ ಕೂಲಿ ಹೋಯಿತು. ಫೋನಿಗೆ ನಂಬರು ಬರುವ ದಾರಿಯೂ ಇದೆ ಎನ್ನುತ್ತಾರೆ, ಆದರೆ ಫೋನು ಮಗನ ಜೇಬಿನಲ್ಲಿ, ಮಗ ಯಾರದೋ ಬ್ಯಾರನ್ನಿಗೆ ಸೌದೆ ಹಾಕುತ್ತಿರುತ್ತಾನೆ. ನಮ್ಮ ಶಾಲೆಯ ಗೋಡೆಯ ಮೇಲೆ ಕೈ ಕೆಸರಾದರೆ ಬಾಯಿ ಮೊಸರು ಎಂದು ದೊಡ್ಡದಾಗಿ ಬರೆಸಿದ್ದೇವೆ. ಕೈ ಕೆಸರಾದರೆ ಬಾಯಿಗೆ ಅಕ್ಕಿಯೂ ಇಲ್ಲದ ಜಾಗವೊಂದು ಎರಡು ಮೈಲಿ ದೂರದಲ್ಲಿತ್ತು, ನಾನು ಅದನ್ನು ನೋಡಿರಲಿಲ್ಲ.

ಹುಡುಗಿ ಮೊದಲು ಶುರು ಮಾಡಿದ್ದು ತನ್ನ ಅಜ್ಜಿಗಾಗಿ. ಅಜ್ಜಿಯ ಹತ್ತು ಬೆರಳನ್ನೂ ಒಂದೊಂದಾಗಿ ಮೆಷಿನ್ನಿನ ಮೇಲೆ ಇಟ್ಟು ನೋಡಿ, ಎಡಗೈ ಉಂಗುರದ ಬೆರಳೊಂದು ಹಿಡಿಯುತ್ತದೆ ಎಂದು ಕಂಡುಕೊಂಡಳಂತೆ. ಸಾಲಿನಲ್ಲಿ ಹಿಂದೆ ಇದ್ದ ಅಜ್ಜಿ ನನಗೂ ನೋಡು ಮಗ ಎಂದಳು. ಅವಳ ಹಿಂದಿನವಳೂ ಅಂದಳು. ಅಲ್ಲಿಂದ ಎರಡು ವರ್ಷ, ತಿಂಗಳಲ್ಲಿ ರೇಷನ್ ಕೊಡುವ ಆ ಮೂರು ದಿನ ಅವಳು ಬೇರೆಲ್ಲೂ ಹೋಗಿಲ್ಲ. ಯಾರ ಯಾವ ಬೆರಳು, ಯಾರಿಗೆ ಎಣ್ಣೆ ಹಚ್ಚಿದರೆ ಹಿಡಿಯುತ್ತದೆ, ಯಾರಿಗೆ ಬಿಸಿಲೇರಿದ ಮೇಲಷ್ಟೇ ಹಿಡಿಯುತ್ತದೆ ಎಲ್ಲ ಅವಳಿಗೆ ಗೊತ್ತು. ಬಾಯಿಪಾಠ ಆಗುವವರೆಗೆ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಳು. ಯಾವ ಪುಸ್ತಕದಲ್ಲಿ ಎಂದು ನಾನು ಕೇಳಬೇಕಾಗಿರಲಿಲ್ಲ.

ನನ್ನನ್ನು ನೋಡಿ ಅವಳು ಹೆದರಿ ಎದ್ದು ನಿಂತಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ಹೋಗ್ಬೇಡ ಅಂತಿದ್ರಿ ಮಿಸ್," ಎಂದಳು.

ಅಷ್ಟೇ. ನಿಜವನ್ನೇ ಹೇಳಿದಳು. ನಾನು ಹಾಗೆಯೇ ಹೇಳುತ್ತಿದ್ದೆ.

ಅವಳ ಅಪ್ಪ ಅಲ್ಲೇ ಅಕ್ಕಿ ಮೂಟೆ ಹೊರುತ್ತಿದ್ದ. ಒಳ್ಳೆಯ ಮನುಷ್ಯ, ಮುಚ್ಚಿಟ್ಟು ಮಾತಾಡುವವನಲ್ಲ. ಮುಂದೆ ಹುಣಸೂರಿಗೆ ಕಾಲೇಜಿಗೆ ಕಳಿಸುತ್ತೀಯಾ ಎಂದು ಕೇಳಿದೆ. ಪೀಜು, ಪುಸ್ತಕ, ಬಟ್ಟೆ ಇಷ್ಟಕ್ಕೆ ಯಾರಾದರೂ ದಾರಿ ತೋರಿಸಿದರೆ ಕಳಿಸುತ್ತೇನೆ, ಇಲ್ಲದಿದ್ದರೆ ಮೇ ತಿಂಗಳಿಗೆ ಪಿರಿಯಾಪಟ್ಟಣದ ಕಡೆ ಒಬ್ಬರ ಹೊಲಕ್ಕೆ ಮನೆಮಂದಿಯೆಲ್ಲ ಬರುತ್ತೇವೆಂದು ಮಾತು ಕೊಟ್ಟಿದ್ದೇನೆ, ಅವಳೂ ಬರುತ್ತಾಳೆ ಎಂದ. ಅದನ್ನು ಹೇಳುವಾಗ ಅವನು ಮಗಳ ಕಡೆ ನೋಡಲಿಲ್ಲ. ಅವಳು ಬೋಗುಣಿಯ ನೀರು ಚೆಲ್ಲಿ ಹೊಸ ನೀರು ತುಂಬುತ್ತಿದ್ದಳು.

ಸಮೀಕ್ಷೆಯ ಕಾಗದ ಚೀಲಕ್ಕೆ ತುರುಕಿ ವಾಪಸು ಬಂದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ, ಅದೊಂದು ನನಗೆ ಬರುವ ವಿದ್ಯೆ. ತಿಂಗಳಿಗೆ ಮೂರರಂತೆ ಗೈರು. ಪರೀಕ್ಷೆಗೆ ಕೂರಲು ಸರ್ಕಾರಕ್ಕೆ ಬೇಕಾದಷ್ಟು ಹಾಜರಿ ಅವಳಿಗಿತ್ತು. ನನಗೆ ಬೇಕಾದಷ್ಟು ಇರಲಿಲ್ಲ. ತೊಂಬತ್ತಕ್ಕೆ ಸ್ವಲ್ಪವೇ ಕಡಿಮೆ.

ಫೆಬ್ರವರಿಯ ಮೀಟಿಂಗಿನಲ್ಲಿ ಎರಡು ಹೆಸರು ಬಂದವು. ಪಿ.ಟಿ. ಮೇಷ್ಟ್ರು ಸ್ಕೌಟಿನ ಒಬ್ಬ ಹುಡುಗಿಯ ಹೆಸರು ಹೇಳಿದರು. ಬಸ್ ನಿಲ್ದಾಣ ಗುಡಿಸಿದ್ದು, ಗಿಡ ನೆಟ್ಟದ್ದು, ಪ್ಲಾಸ್ಟಿಕ್ ಬೇಡ ಎಂದು ಬ್ಯಾನರ್ ಹಿಡಿದದ್ದು, ಎಲ್ಲದಕ್ಕೂ ಫೋಟೊ ಇತ್ತು, ಆಲ್ಬಮ್ ಮಾಡಿಸಿ ತಂದಿದ್ದರು. ಆ ಮಗುವಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಿಜವಾಗಿ ಗುಡಿಸಿದವಳೇ. ಮನೆಯವರು ಅವಳನ್ನು ಮೈಸೂರಿನ ಕಾಲೇಜಿಗೆ ಸೇರಿಸಲು ಆಗಲೇ ಸೀಟು ನೋಡಿದ್ದರು ಎಂಬುದೂ ನಿಜ. ನಾನು ನನ್ನ ಹುಡುಗಿಯ ಹೆಸರು ಹೇಳಿ, ಸೊಸೈಟಿಯ ಜಗಲಿಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಹೆಡ್‌ಮಾಸ್ಟರು ಸಮಾಧಾನದಿಂದ ಕೇಳಿಸಿಕೊಂಡು, ಹಾಜರಿ ಪುಸ್ತಕ ತರಿಸಿ, ಕೂಡಿಸಿ ನೋಡಿದರು.

"ಮೂರನೇ ನಿಯಮ ನಿಮ್ದೇ ಅಲ್ವ ಮೇಡಂ," ಎಂದರು.

ಯಾರೋ ನಕ್ಕರು. ನಿಯಮ ತಪ್ಪು, ಅದನ್ನು ತೆಗೆಯೋಣ ಎಂದೆ. ನಮಗೆ ಬೇಕಾದವರು ಬಂದಾಗ ನಿಯಮ ತೆಗೆಯುವುದು, ಬೇಡದವರು ಬಂದಾಗ ಇಡುವುದು ಸರಿಯೇ ಎಂದು ಅವರು ಕೇಳಿದರು. ಹೋದ ವರ್ಷ ಇದೇ ನಿಯಮದ ಮೇಲೆ ನಾನೇ ಒಬ್ಬ ಹುಡುಗನ ಹೆಸರು ಹೊಡೆದು ಹಾಕಿಸಿದ್ದೆ, ಅದನ್ನೂ ನೆನಪಿಸಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ನ್ಯಾಯವಿದ್ದದ್ದಕ್ಕೇ ನನಗೆ ಇನ್ನೂ ಉರಿಯಿತು. ಸೇವೆಗೆ ಪುರಾವೆ ಏನು, ಪಂಚಾಯಿತಿಯದೋ ಸೊಸೈಟಿಯವರದೋ ಒಂದು ಪತ್ರವಾದರೂ ತನ್ನಿ ಎಂದು ಪಿ.ಟಿ. ಮೇಷ್ಟ್ರು ಸೇರಿಸಿದರು. ಮುಂದಿನ ಶನಿವಾರಕ್ಕೆ ತೀರ್ಮಾನ ಎಂದು ಎದ್ದೆವು.

ಮಾರನೆಯ ದಿನ ಹುಡುಗಿಯನ್ನು ಕರೆದು ಪತ್ರದ ವಿಷಯ ಹೇಳಿದೆ. ಸೊಸೈಟಿಯವರನ್ನು ಪತ್ರ ಕೇಳಿದರೆ, ನಮ್ಮ ಮೆಷಿನ್ ಹಿಡಿಯಲ್ಲ ಅಂತ ಬರೆದುಕೊಡು ಎಂದು ಕೇಳಿದಂತೆ ಆಗುತ್ತದೆ, ಅವರು ಸಿಟ್ಟಾದರೆ ಜಗಲಿಯಲ್ಲಿ ಕೂರಿಸುವುದಿಲ್ಲ, ಆಮೇಲೆ ಅಜ್ಜಿಯರಿಗೆ ಕಷ್ಟ ಎಂದಳು. ನಿನಗೆ ಕಾಲೇಜು ಬೇಡವೇ ಎಂದು ಕೇಳಿದೆ. "ಬೇಕು ಮಿಸ್," ಎಂದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಆದರೂ ಪತ್ರ ಕೇಳಲು ಒಪ್ಪಲಿಲ್ಲ.

ಆ ದಿನ ಮೂರು ಗಂಟೆಗೆ ನಾನು ಟೀ ಮಾಡಿದೆ.

ಮನೆಯಿಂದ ಕರೆಂಟಿನ ಒಲೆ, ಪಾತ್ರೆ, ಹಾಲು, ಸಕ್ಕರೆ, ಶುಂಠಿ ಎಲ್ಲ ತಂದಿದ್ದೆ. ಸ್ಟಾಫ್ ರೂಮಿನ ಮೇಜಿನ ನಟ್ಟನಡುವೆ ಒಲೆ ಇಟ್ಟು, ಶುಂಠಿ ಜಜ್ಜಿ, ಕುದಿಸಿ, ಒಂದು ಲೋಟ ಬಗ್ಗಿಸಿಕೊಂಡು ಎಲ್ಲರ ಎದುರೇ ಕುಡಿದೆ. ಇಷ್ಟು ವರ್ಷ ಟೀಯ ವಾಸನೆ ಕಾಣದ ಕೋಣೆ ಅದು. ಎರಡನೇ ದಿನವೂ ಕುಡಿದೆ. ಮೂರನೇ ದಿನ ಹೆಡ್‌ಮಾಸ್ಟರು ಬಂದು, ಇದೇನು ಮೇಡಂ, ಶಾಲೆಯಲ್ಲಿ ಒಂದು ಶಿಸ್ತು ಬೇಡವೇ ಎಂದರು.

"ಊರಿನ ಕೆಲಸ ಮಾಡಿದ ಮಕ್ಕಳಿಗೆ ಅಂತ ಟೀ ಬಿಟ್ವಿ ಸಾರ್. ಫೋಟೊ ತೆಗೆಸ್ಕೊಂಡೋರಿಗೆ ಅಂತ ಬಿಟ್ಟಿರ್ಲಿಲ್ಲ. ನನ್ ಪಾಲಿನ ಟೀ ನಾನು ಕುಡೀತೀನಿ," ಎಂದೆ.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಯಾರೋ ಹಿಂದಿನಿಂದ ಹೇಳಿದ್ದು ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು. ನಾನು ಇನ್ನೊಂದು ಲೋಟ ಬಗ್ಗಿಸಿಕೊಂಡೆ. ನಿಜ ಹೇಳಬೇಕೆಂದರೆ ಆ ಟೀ ನನಗೆ ರುಚಿಸಲಿಲ್ಲ. ಅಭ್ಯಾಸ ತಪ್ಪಿ ಎದೆ ಉರಿ ಬರುತ್ತಿತ್ತು, ಮನೆಗೆ ಹೋಗಿ ಮಜ್ಜಿಗೆ ಕುಡಿಯುತ್ತಿದ್ದೆ. ಆದರೆ ನಿಲ್ಲಿಸಲಿಲ್ಲ.

ನಾಲ್ಕನೇ ದಿನ ಬಿಸಿಯೂಟದ ಅಕ್ಕ ಒಳಗೆ ಬಂದಳು. ಅವಳು ಸ್ಟಾಫ್ ರೂಮಿನಲ್ಲಿ ಕೂತದ್ದನ್ನು ಅಲ್ಲಿವರೆಗೆ ನಾನು ನೋಡಿರಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, ತನಗೂ ಒಂದು ಲೋಟ ಹಾಕಲು ಹೇಳಿದಳು. ಕುಡಿದು ಮುಗಿಸಿ, ಲೋಟ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ನಾನೂ ದುಡ್ ಹಾಕಿವ್ನಿ. ನನ್ನ ಯಾರೂ ಮೀಟಿಂಗ್‌ಗೆ ಕರೀಲಿಲ್ಲ. ಕರ್ದಿದ್ರೆ ಯೋಳ್ತಿದ್ದೆ, ಆ ಮಗ ನಂಗೂ ಬೆರಳು ಉಜ್ಕೊಟ್ಟವ್ಳೆ."

ಅವಳದೂ ಅದೇ ಹಳ್ಳಿ. ಈ ವಿಷಯ ಅವಳಿಗೆ ಎರಡು ವರ್ಷದಿಂದ ಗೊತ್ತಿತ್ತು. ಸ್ಕಾಲರ್‌ಶಿಪ್ಪಿಗೆ ದುಡ್ಡು ಹಾಕುವವರಲ್ಲಿ ಅವಳೂ ಒಬ್ಬಳು ಎಂದು ನಾವು ಒಂಬತ್ತು ಜನ ವರ್ಷ ವರ್ಷವೂ ಮರೆತಿದ್ದೆವು. ಶನಿವಾರದ ಮೀಟಿಂಗಿಗೆ ಹತ್ತು ಕುರ್ಚಿ ಹಾಕಿಸಿದೆ.

ಆ ಶನಿವಾರ ನಾನು ಭಾಷಣದಿಂದ ಶುರು ಮಾಡಲಿಲ್ಲ. ಹಿಂದಿನ ದಿನವೇ ಹುಡುಗಿಯಿಂದ ಗಣಿತದ ನೋಟ್‌ಬುಕ್ ಈಸಿಕೊಂಡಿದ್ದೆ. ಅದನ್ನು ಹಿಂದಿನಿಂದ ತೆರೆದು ಆಲ್ಬಮ್ಮಿನ ಪಕ್ಕ ಇಟ್ಟೆ. ಪುರಾವೆ ಕೇಳಿದ್ದಿರಲ್ಲ, ಓದಿ ಎಂದು ಪಿ.ಟಿ. ಮೇಷ್ಟ್ರ ಕಡೆ ತಳ್ಳಿದೆ. ಅವರು ಮನಸ್ಸಿಲ್ಲದೆ ಕೈಗೆತ್ತಿಕೊಂಡು ಗಟ್ಟಿಯಾಗಿ ಓದತೊಡಗಿದರು. ಬೇವಿನಮರದ ಅಜ್ಜಿ, ಎಡ ಉಂಗುರ. ಕೆರೆಕೋಡಿ ದೊಡ್ಡವ್ವ, ಬಲ ನಡುಬೆರಳು. ಐದಾರು ಸಾಲು ಆದ ಮೇಲೆ ಅವರ ದನಿ ಸಣ್ಣದಾಯಿತು. ಆಮೇಲೆ ಮನಸ್ಸಿನಲ್ಲೇ ಓದುತ್ತ ಹೋದರು. ಎರಡೂ ಪುಟ ಮುಗಿಸಿ ಪುಸ್ತಕ ಮುಚ್ಚಲಿಲ್ಲ, ಅದರ ಮೇಲೆ ಕೈ ಇಟ್ಟುಕೊಂಡು ಕೂತರು. ಅವರ ಊರು ಎಚ್.ಡಿ. ಕೋಟೆಯ ಆಚೆ, ಕಾಡಂಚಿನಲ್ಲಿ.

"ನಮ್ಮವ್ವಂಗೆ ಅಕ್ಕಿ ಬಂದು ಮೂರು ತಿಂಗ್ಳಾಯ್ತು," ಎಂದರು. "ಬೆರಳು ಬೀಳ್ತಿಲ್ಲ ಅಂತಾರೆ. ನಾನು ತಿಂಗ್ಳು ತಿಂಗ್ಳು ಅಂಗಡೀಲಿ ಅಕ್ಕಿ ತಗೊಂಡು ಬಸ್ಸಿಗೆ ಹಾಕಿ ಕಳಿಸ್ತೀನಿ. ಹತ್ತು ಬೆರಳೂ ನೋಡ್ಬೇಕು ಅಂತ ನಂಗೆ ಹೊಳೀಲೇ ಇಲ್ವಲ್ಲ."

ಹೆಡ್‌ಮಾಸ್ಟರು ಪುಸ್ತಕ ತೆಗೆದುಕೊಂಡು ಕನ್ನಡಕ ಏರಿಸಿದರು. ಪುಟದ ಮೂಲೆಯಿಂದ ಮೂಲೆಗೆ ಹೋದ ಕೆಂಪು ಗೆರೆ ಕಂಡಿತು. ಕೆಳಗಿನ ದುಂಡಗಿನ ಅಕ್ಷರವನ್ನೂ ಓದಿದರು. ಇದನ್ನು ಹೊಡೆದು ಹಾಕಿದವರು ಯಾರು ಎಂದು ಕೇಳಿದರು. ಅವರಿಗೆ ನನ್ನ ಅಕ್ಷರ ಗೊತ್ತಿತ್ತು, ಆದರೂ ಕೇಳಿದರು. ನಾನೇ ಎಂದೆ. ತಲೆ ತಗ್ಗಿಸದೆ ಹೇಳುತ್ತ ಹೋದೆ: ಅವಳು ಊರಿಗೆ ಅನ್ನ ಹಾಕಿಸುತ್ತಿದ್ದಾಗ ನಾನು ಇಲ್ಲಿ ಕೂತು ಅವಳಿಗೆ ಕೆಂಪು ಶಾಯಿ ಹಾಕುತ್ತಿದ್ದೆ. ಅವಳು ಬಾರದೆ ಇದ್ದ ಒಂದೊಂದು ದಿನವೂ ಆ ಕೆಲಸದ ದಿನವೇ. ನನ್ನ ಮೂರನೇ ನಿಯಮ ಇರುವವರೆಗೆ, ನಿಜವಾಗಿ ಊರಿನ ಕೆಲಸ ಮಾಡುವ ಮಗು ಈ ಸ್ಕಾಲರ್‌ಶಿಪ್ಪಿಗೆ ಸಿಗುವುದಿಲ್ಲ, ಬಿಡುವಿದ್ದಾಗ ಮಾಡುವವರು ಮಾತ್ರ ಸಿಗುತ್ತಾರೆ. ಹೋದ ವರ್ಷ ನಾನು ಹೆಸರು ಹೊಡೆದ ಹುಡುಗನ ಮನೆಗೂ ನಾಳೆ ಹೋಗಿ ಕೇಳುತ್ತೇನೆ, ಅವನು ಬಾರದ ದಿನ ಎಲ್ಲಿದ್ದ ಎಂದು. ಇಷ್ಟು ಹೇಳಿ, ಅದೇ ಕೆಂಪು ಪೆನ್ನು ತೆಗೆದು, ಗೋಡೆಯ ಮೇಲಿನ ಹಾಳೆಯ ಹತ್ತಿರ ಹೋಗಿ ನನ್ನ ನಿಯಮಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಎಳೆದೆ. ಮತ ಹಾಕುವ ಮೊದಲೇ ಎಳೆದೆ, ಅದು ಕ್ರಮವಲ್ಲ ಎಂದು ನನಗೆ ಗೊತ್ತು.

ಮೊದಲು ಎದ್ದ ಕೈ ಬಿಸಿಯೂಟದ ಅಕ್ಕನದು, ಎರಡನೆಯದು ಪಿ.ಟಿ. ಮೇಷ್ಟ್ರದು. ಒಂದೆರಡು ಕೈ ಏಳಲಿಲ್ಲ, ಅವು ಯಾರವೆಂದು ನಾನು ಬರೆಯುವುದಿಲ್ಲ. ಬೀಳ್ಕೊಡುಗೆಯ ದಿನ ಅವಳ ಹೆಸರು ಕೂಗಿದಾಗ ಅವಳು ಕೊನೆಯ ಬೆಂಚಿನಿಂದಲೇ ಎದ್ದು ಬಂದಳು. ತರಗತಿಯ ಮುಂದೆ ಅವಳ ಕ್ಷಮೆ ಕೇಳಿದೆ. ತಪ್ಪು ಮಾಡಿದ್ದು ನಲವತ್ತು ಮಕ್ಕಳ ಎದುರು, ಕ್ಷಮೆಯನ್ನು ಮೂಲೆಯಲ್ಲಿ ಕೇಳುವುದು ಯಾವ ಲೆಕ್ಕ? ಬುಡಿ ಮಿಸ್ ಎಂದು ಅವಳು ಸಂಕೋಚದಿಂದ ಸೆರಗಿನಂತೆ ದುಪ್ಪಟ್ಟಾ ಬಾಯಿಗೆ ಅಡ್ಡ ಹಿಡಿದಳು. ಮಾರನೆಯ ದಿನ ಒಲೆ ಮನೆಗೆ ಒಯ್ದೆ. ಮೂರು ಗಂಟೆಯ ಟೀ ಮತ್ತೆ ನಿಂತಿತು.

ಅವಳು ಪಾಸಾದಳು, ಹುಣಸೂರಿನ ಕಾಲೇಜು ಸೇರಿದಳು. ಸೇರಿದ ದಿನ ರಸೀತಿ ತೋರಿಸಲು ಶಾಲೆಗೆ ಬಂದವಳು ಹೋಗದೆ ಬಾಗಿಲಲ್ಲೇ ನಿಂತಳು. ಏನು ಎಂದರೆ, ಅಲ್ಲಿ ಗೈರಾದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ, ಬರುವ ತಿಂಗಳು ಸೊಸೈಟಿಗೆ ಯಾರು ಹೋಗುತ್ತಾರೋ ಎಂದಳು. ಅವಳಪ್ಪ ಪಿರಿಯಾಪಟ್ಟಣದ ಹೊಲಕ್ಕೆ ಹೋಗಿಯಾಗಿತ್ತು, ಅಮ್ಮನೂ ಹೋಗಿದ್ದಳು. ಅವಳು ಸಂತೋಷಪಡಬೇಕಾದ ದಿನ ಅದು. ಆ ನೋಟ್‌ಬುಕ್ ನನಗೆ ತಂದುಕೊಡು ಎಂದೆ.

ವರ್ಷಕ್ಕೆ ನನಗೆ ಹದಿನೈದು ಸಾಂದರ್ಭಿಕ ರಜೆ ಇದೆ. ಮದುವೆ, ನಾಮಕರಣ, ಹಲ್ಲುನೋವು ಎಂದು ಕಳೆಯುತ್ತಿದ್ದೆ. ಈಗ ತಿಂಗಳಿಗೊಂದು ಎತ್ತಿಡುತ್ತೇನೆ, ಇನ್ನೊಂದು ದಿನ ಪಿ.ಟಿ. ಮೇಷ್ಟ್ರು ಹೋಗುತ್ತಾರೆ, ಮೂರನೆಯ ದಿನ ಭಾನುವಾರ ಬಿದ್ದರೆ ಹುಡುಗಿಯೇ ಕೂರುತ್ತಾಳೆ, ಬೀಳದಿದ್ದರೆ ನಮ್ಮಿಬ್ಬರಲ್ಲಿ ಒಬ್ಬರು. ಮೊದಲ ಸಲ ರಜೆ ಅರ್ಜಿಯಲ್ಲಿ ಕಾರಣ ಎಂಬಲ್ಲಿ, ಸೊಸೈಟಿಯಲ್ಲಿ ಬೆರಳು ತೊಳೆಯುವುದಿದೆ ಎಂದೇ ಬರೆದೆ. ಹೆಡ್‌ಮಾಸ್ಟರು ಅದನ್ನು ಎರಡು ಸಲ ಓದಿ, ಸ್ವಂತ ಕೆಲಸ ಎಂದು ಬರೆಯಿರಿ ಸಾಕು ಎಂದರು. ನಾನು ತಿದ್ದಲಿಲ್ಲ. ಅವರು ಸಹಿ ಮಾಡಿ, ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ರಜೆ ಹಾಕಿದರು.

ಆ ದಿನ ಬೋಗುಣಿ, ಹುಣಸೆಹಣ್ಣು, ಹಳೇ ಪಂಚೆ ಎಲ್ಲ ಚೀಲದಲ್ಲಿ ಹಿಡಿದು ಸೊಸೈಟಿಯ ಜಗಲಿ ಹತ್ತಿದೆ. ಬಿಸಿಲು ಬೀಳುವ ತುದಿಯಲ್ಲಿ ಹುಡುಗಿಯ ಅಜ್ಜಿ ಆಗಲೇ ಕೂತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ಮನೆಯಲ್ಲಿ ಏನೇನು ಹೇಳಿಕೊಂಡಿದ್ದರೋ, ಅವಳಿಗೆ ಎಲ್ಲ ಗೊತ್ತಿತ್ತು.

"ಬನ್ನಿ ನೆಂಟ್ರೇ, ಕುಂತ್ಕಳಿ," ಎಂದಳು.

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಗಲಿ. ನಾನು ನೆಲದ ಮೇಲೆ ಕೂತು, ನೋಟ್‌ಬುಕ್ ತೆರೆದು, ಕೆಂಪು ಗೆರೆಯ ಅಡಿಯಲ್ಲಿ ಅವಳ ಸಾಲು ಹುಡುಕಿದೆ. ಎಡಗೈ ಕೊಡಜ್ಜಿ, ಉಂಗುರದ ಬೆರಳು ಎಂದೆ. ಅವಳು ಕೈ ನೀಡಿದಳು.